ಅನುಸೂಯ ಕೊಡದ ಖೋ

ಬಬ್ಬೂರು ಫಾರಂನ ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರೆಲ್ಲ ಕುಕ್ಕರುಗಾಲಲ್ಲಿ ಕೂತು ಮುಂದೆ ಮುಂದೆ ಜರುಗುತ್ತಾರೆ. ಅನುಸೂಯ ಮಾತ್ರ ಮಂಡಿ ಮಡಚಿ, ಕಾಲ ಬೆರಳುಗಳನ್ನು ಮಣ್ಣಿಗೆ ಒತ್ತಿ, ಯಾರಾದರೂ ಕೂಗಿದರೆ ಆ ಗಳಿಗೆಯೇ ಎದ್ದು ಓಡುವವಳಂತೆ ಕೂರುತ್ತಾಳೆ. "ಅದೇನೇ ನೀನು ಕೂರಾದು, ಬಸ್ಸಿಗೆ ಹೊತ್ತಾಗೈತಾ?" ಎಂದು ಪಕ್ಕದ ಸಾಲಿನವರು ಛೇಡಿಸುತ್ತಾರೆ. ಅವಳು ನಕ್ಕು ಕಳೆ ಕೀಳುತ್ತಾಳೆ. ಖೋಖೋ ಆಟದಲ್ಲಿ ಚೌಕದೊಳಗೆ ಹಾಗೆ ಕೂರಬೇಕು ಎಂದು ಅವರಿಗೆ ಅವಳು ಹೇಳಿಲ್ಲ. ತಾನು ಆಡುತ್ತಿದ್ದೆ ಎಂದೂ ಹೇಳಿಲ್ಲ.

ಅವಳು ಹುಟ್ಟಿದ್ದು ಬಬ್ಬೂರಿನ ಆಚೆ, ಜಾಲಿ ಗಿಡಗಳ ಬಯಲು ದಾಟಿದರೆ ಸಿಗುವ ಒಂದು ಗೊಲ್ಲರ ಹಟ್ಟಿಯಲ್ಲಿ. ಸುತ್ತ ಮುಳ್ಳಿನ ಬೇಲಿ, ನಡುವೆ ದೇವರ ಗುಡಿ, ಗುಡಿಯ ಸುತ್ತ ಮನೆಗಳು. ಅಪ್ಪ ಚಿಕ್ಕತಿಮ್ಮಪ್ಪನಿಗೆ ಕುರಿಗಳಿದ್ದವು. ಕುರಿಗಳ ಹಿಂದೆ ಓಡಿ ಓಡಿಯೇ ಅವಳು ಓಡಲು ಕಲಿತಳು. ತಪ್ಪಿಸಿಕೊಂಡ ಮರಿ ಎಡಕ್ಕೆ ಹೊರಳುವ ಮೊದಲೇ ಅದು ಎಡಕ್ಕೇ ಹೊರಳುತ್ತದೆ ಎಂದು ಅವಳ ಕಾಲಿಗೆ ತಿಳಿಯುತ್ತಿತ್ತು.

ಹಟ್ಟಿಗೆ ತನ್ನದೇ ಕಟ್ಟು ಇತ್ತು. ತಿಂಗಳಿಗೊಮ್ಮೆ ಹೊರಗಾದ ಹೆಣ್ಣು ಬೇಲಿಯ ಒಳಗೆ ಇರುವಂತಿಲ್ಲ. ಬೇಲಿಯಾಚೆ ಒಂದು ಗುಡ್ಲು. ಆ ದಿನಗಳನ್ನು ಅಲ್ಲಿಯೇ ಕಳೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ತಾಯಿ ಚಂದ್ರಕ್ಕ ಮುದ್ದೆಯ ತಟ್ಟೆಯನ್ನು ದೂರದ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯುತ್ತಿದ್ದಳು. ಅನುಸೂಯ ಇದನ್ನು ಕಷ್ಟ ಎಂದು ಯಾರಲ್ಲೂ ಹೇಳಿಕೊಂಡವಳಲ್ಲ. ಅವಳ ಅಜ್ಜಿ ಹಾಗೆ ಇದ್ದಳು, ತಾಯಿ ಹಾಗೆ ಇದ್ದಳು. ಮಳೆ ಬಂದರೆ ಗುಡ್ಲು ಸೋರುತ್ತಿತ್ತು, ಅಷ್ಟೇ.

ಹಿರಿಯೂರಿನ ನಮ್ಮ ಕಾಲೇಜಿಗೆ ಅವಳು ಬಿ.ಎ. ಸೇರಿದಾಗ ಮೊದಲು ಅವಳ ಓಟ ಕಂಡವರು ಕ್ರೀಡಾ ವಿಭಾಗದ ರಾಜಶೇಖರ್ ಸರ್. ಮೈದಾನದ ಅಂಚಿನಲ್ಲಿ ಬಸ್ಸಿಗೆ ಓಡುತ್ತಿದ್ದವಳನ್ನು ನಿಲ್ಲಿಸಿ, "ಏನಮ್ಮ, ಬಸ್ಸನ್ನೇ ಹಿಂದೆ ಹಾಕ್ತೀಯಲ್ಲ, ಖೋಖೋ ಆಡ್ತೀಯಾ?" ಎಂದು ಕೇಳಿದರಂತೆ. ಒಂದೇ ವರ್ಷದಲ್ಲಿ ತಂಡ ಅವಳ ಸುತ್ತ ಕಟ್ಟಿಕೊಂಡಿತು. ನಾನೂ ಆ ತಂಡದಲ್ಲಿದ್ದೆ; ಚೌಕಗಳ ಸಾಲಿನಲ್ಲಿ ಕೊನೆಯ ಕಂಬದ ಹತ್ತಿರ ನನ್ನ ಜಾಗ.

ನನ್ನಿಂದ ಒಂದು ಚೌಕ ಬಿಟ್ಟರೆ ಸುಷ್ಮಿತಾಳದು. ಅವಳು ಹೊಸದುರ್ಗದ ಕಡೆಯ ಮತ್ತೋಡಿನವಳು, ಅಲ್ಲಿನ ದಲಿತರ ಕಾಲೋನಿಯ ಹುಡುಗಿ, ಹಿರಿಯೂರಿನಲ್ಲಿ ಹಾಸ್ಟೆಲ್ಲಿನಲ್ಲಿದ್ದಳು. ಚಿಕ್ಕವಳಿದ್ದಾಗ ಆಡುತ್ತಿದ್ದ ಒಂದು ಶಾಲೆಯ ತಂಡದ ಬಗ್ಗೆ ಒಮ್ಮೆ ಹೇಳಿದ್ದಳು. ಅಲ್ಲಿ ಬೇರೆಯವರಿಗೆ ಬೆನ್ನಿನ ಮೇಲೆ ಅಂಗೈ ಬೀಳುತ್ತಿತ್ತು. ಅವಳಿಗೆ ಮಾತ್ರ ಬೆರಳ ತುದಿ, ಕೆಲವೊಮ್ಮೆ ಬರೀ ಗಾಳಿ. "ಅಂಪೈರ್‌ಗೆ ಕಾಣ್ತಿರ್ಲಿಲ್ಲ. ನನ್ ಬೆನ್ನಿಗೆ ಗೊತ್ತಾಗ್ತಿತ್ತು" ಎಂದಿದ್ದಳು. ಅನುಸೂಯಳ ಕೈ ಹಾಗಿರಲಿಲ್ಲ. ಕುರಿ ಹಿಡಿದು ಗಟ್ಟಿಯಾದ ಅಂಗೈ ಪೂರ್ತಿ ಬೆನ್ನಿಗೆ ಬೀಳುತ್ತಿತ್ತು. "ಲೇ ಅನು, ಖೋ ಕೊಡು ಅಂದ್ರೆ ಕೊಲ್ಲಾಕೆ ಬರ್ತೀಯಲ್ಲೇ!" ಎಂದು ಸುಷ್ಮಿತಾ ಬೈಯುತ್ತಿದ್ದಳು. ಬೈಯುವಾಗ ಅವಳ ಮುಖ ಅರಳಿರುತ್ತಿತ್ತು. ಇಬ್ಬರೂ ಒಂದೇ ಬಾಟಲಿಯ ನೀರು ಕುಡಿಯುತ್ತಿದ್ದರು, ಒಬ್ಬಳ ಶೂ ಹರಿದರೆ ಇನ್ನೊಬ್ಬಳದನ್ನು ಸರದಿಯಲ್ಲಿ ಹಾಕಿಕೊಳ್ಳುತ್ತಿದ್ದರು.

ತಿಂಗಳಲ್ಲಿ ಕೆಲವು ದಿನ ಅನುಸೂಯ ಅಭ್ಯಾಸಕ್ಕೆ ಬರುತ್ತಿರಲಿಲ್ಲ. ಕೇಳಿದರೆ ತಲೆನೋವು, ಇಲ್ಲವೆ ಕುರಿ ನೋಡುವವರಿರಲಿಲ್ಲ. "ನಿಮ್ಮ ಕುರಿಗೆ ಕ್ಯಾಲೆಂಡರ್ ಐತೆ ಕಣಮ್ಮ" ಎಂದು ಸರ್ ನಗುತ್ತಿದ್ದರು. ಆ ದಿನಗಳಲ್ಲಿ ಅವಳು ಗುಡ್ಲಿನಿಂದ ನೇರ ಕ್ಲಾಸಿಗೆ ಬಂದು, ಕೊನೆಯ ಬೆಂಚಿನ ತುದಿಯಲ್ಲಿ ಕೂತು, ಯಾರಿಗೂ ತಾಗದಂತೆ ಹೊರಟುಹೋಗುತ್ತಿದ್ದಳು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹಟ್ಟಿಯ ಮಾತು ಹೊರಗೆ ಹೋಗಬಾರದು ಎಂದು ಚಂದ್ರಕ್ಕ ಮಗಳಿಂದ ಭಾಷೆ ತೆಗೆದುಕೊಂಡಿದ್ದಳು. ಕಾರಣವಿತ್ತು. ಆಚೆಯ ಇನ್ನೊಂದು ಹಟ್ಟಿಯ ಹುಡುಗಿ ಯಾರದೋ ಮುಂದೆ ಬಾಯಿಬಿಟ್ಟಳಂತೆ. ಅಧಿಕಾರಿಗಳ ಜೀಪುಗಳು ಬಂದವು, ಗುಡ್ಲು ಕಿತ್ತರು, ಭಾಷಣ ಮಾಡಿ ಫೋಟೋ ಹೊಡೆದುಕೊಂಡು ಹೋದರು. ಮಾರನೆಯ ವಾರ ಆ ಹಟ್ಟಿಯವರು ಹೆಣ್ಣುಮಕ್ಕಳನ್ನೆಲ್ಲ ಕಾಲೇಜು ಬಿಡಿಸಿದರು. ಗುಡ್ಲು ಹೋಯಿತು, ಹೆಂಗಸರು ಜಾಲಿ ಮರದ ಕೆಳಗೆ ಮಲಗಿದರು.

ಮೂರನೆಯ ವರ್ಷದಲ್ಲಿ ಚಿಕ್ಕತಿಮ್ಮಪ್ಪ ಮಗಳಿಗೆ ಒಂದು ಮಾತು ಕೊಟ್ಟ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಮುಂದೆ ಬಿ.ಪಿ.ಇಡಿ. ಓದಿ ಆಟದ ಮೇಷ್ಟ್ರಾಗಬಹುದು. ಆಗದಿದ್ದರೆ ಸೋದರಮಾವ ಗೊಲ್ಲಪ್ಪ ಕಾಯುತ್ತಿದ್ದಾನೆ. "ನಾನು ಅಡ್ಡ ಬರಾಕಿಲ್ಲ, ಗೆದ್ಕಂಬಾ" ಎಂದನಂತೆ.

ಅದೇ ವರ್ಷ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂದಿತ್ತು. ಕ್ರೀಡೆಯಲ್ಲಿ ಜಾತಿ, ಲಿಂಗ, ಅಂಗವೈಕಲ್ಯದ ಹೆಸರಿನಲ್ಲಿ ಯಾರನ್ನೂ ದೂರ ಇಡಬಾರದು, ಪ್ರತಿ ಕಾಲೇಜಿನಲ್ಲೂ ಸಮಾನತಾ ಸಮಿತಿ ಇರಬೇಕು ಎಂದು. ಅನೇಕ ಕಡೆ ಅದು ಗೋಡೆಗೆ ಅಂಟಿ ಹಳದಿಯಾಯಿತು. ರಾಜಶೇಖರ್ ಸರ್ ಮಾತ್ರ ಅದನ್ನು ಮನಸ್ಸಿಗೆ ತೆಗೆದುಕೊಂಡರು. ಆಟದ ಮೊದಲು ನಾವು ಕೈ ಕೈ ಹಿಡಿದು ನಿಂತು ಪ್ರತಿಜ್ಞೆ ಹೇಳಬೇಕಾಗಿತ್ತು. ಅವರಿಗೆ ಅದರಲ್ಲಿ ನಿಜವಾದ ನಂಬಿಕೆಯಿತ್ತು. ಮುಂದೆ ನಡೆದದ್ದಕ್ಕೆ ಅವರ ನಂಬಿಕೆಯೂ ಒಂದು ಕಾರಣವಾಯಿತು ಎಂದು ಹೇಳುವಾಗ ನನಗೆ ಸಂಕಟವಾಗುತ್ತದೆ.

ಅಂತರ ಕಾಲೇಜು ಪಂದ್ಯದ ಫೈನಲ್ ಚಿತ್ರದುರ್ಗದಲ್ಲಿ, ಹೊಳಲ್ಕೆರೆಯ ತಂಡದ ಮೇಲೆ. ಆಯ್ಕೆಗಾರರು ಅಲ್ಲಿಯೇ ಕೂತು ವಿಶ್ವವಿದ್ಯಾಲಯದ ತಂಡ ಆರಿಸುವವರಿದ್ದರು. ಹಿಂದಿನ ದಿನ ಅನುಸೂಯ ಹೊರಗಾದಳು.

ಬೆಳಗ್ಗೆ ಚಂದ್ರಕ್ಕ ಕಲ್ಲಿನ ಮೇಲೆ ರೊಟ್ಟಿ ಇಟ್ಟು ದೂರ ನಿಂತಳು.

"ಹೋಗ್ತೀಯಾ?"

"ಹೋಗ್ತೀನವ್ವ. ಇವತ್ತು ಬಿಟ್ರೆ ಇನ್ನಿಲ್ಲ."

"ಹುಡುಗೇರ್ನೆಲ್ಲ ಮೈಮುಟ್ಟಿ ಆಡಾದಲ್ವೇನೇ ಅದು?"

"ಅವ್ರು ಹಟ್ಟಿಯೋರಲ್ಲವ್ವ."

ಚಂದ್ರಕ್ಕ ಗುಡಿಯ ಕಡೆ ಒಮ್ಮೆ ತಿರುಗಿ ನೋಡಿದಳು. ಆಮೇಲೆ, "ಹಟ್ಟಿಯೋರಲ್ಲ, ಸರಿ. ಹರಕೆ ದಾರ ಕಟ್ಟಿದೋರು ಇದ್ರೆ ಅವ್ರನ್ನ ಮಾತ್ರ ಮುಟ್ಬ್ಯಾಡ ಕಣವ್ವ. ಅವರ ಮನೆಗೆ ಕೆಟ್ಟದ್ದಾದ್ರೆ ನಮ್ಮ ತಲೆಗೆ ಬತ್ತದೆ" ಎಂದಳು.

ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ನಾವೆಲ್ಲ ಸೇರಿದೆವು. ಸುಷ್ಮಿತಾಳ ಬಲಗೈಯಲ್ಲಿ ಅರಿಶಿನ ಕೊಂಬು ಕಟ್ಟಿದ ದಾರವಿತ್ತು. ಬಸ್ಸು ಹತ್ತಿದ ಮೇಲೆ ತಂಡದ ತುಂಟಿ ದಿವ್ಯಾ ಬಿಡುತ್ತಾಳೆಯೇ? "ಏನೇ ಇದು, ಕಂಕಣ ಕಟ್ಕಂಡೇ ಬಂದಿದೀಯ? ಗಂಡು ಯಾವೂರದು?"

"ಹೊಳಲ್ಕೆರೆ ಟೀಮಿನ ಮ್ಯಾನೇಜರು. ನೋಡು, ಹೊಟ್ಟೆ ಐತೆ, ಮೀಸೆ ಐತೆ, ಇನ್ನೇನು ಬೇಕು?"

ಬಸ್ಸೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವಳು ಅನುಸೂಯಳಿಗೆ ಮೆಲ್ಲಗೆ ಹೇಳಿದಳು. ತಾಯಿಗೆ ಹೊಟ್ಟೆಯಲ್ಲಿ ಗೆಡ್ಡೆ. ದಾವಣಗೆರೆಯ ಆಸ್ಪತ್ರೆಯಲ್ಲಿ ಇವತ್ತೇ ಆಪರೇಷನ್. ಮಾರಮ್ಮನಿಗೆ ಹರಕೆ ಹೊತ್ತು ದಾರ ಕಟ್ಟಿಕೊಂಡಿದ್ದಾಳೆ; ತಾಯಿ ಮನೆಗೆ ಬರುವವರೆಗೆ ಬಿಚ್ಚುವಂತಿಲ್ಲ. "ನಮ್ಮಣ್ಣ ಅವಳ ಹತ್ರ ಅದಾನೆ. ನೀನು ಆಡಿ ಬಾ ಅಂತ ಅವ್ವನೇ ಕಳ್ಸಿದ್ಲು."

ಅನುಸೂಯ ಸೀಟಿನಲ್ಲಿ ಕಿಟಕಿಯ ಕಡೆ ಸರಿದು ಕೂತಳು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ದುರ್ಗ ಬರುವವರೆಗೆ ಅವಳು ಅವುಗಳನ್ನೇ ನೋಡುತ್ತಿದ್ದಳು.

ಆಟ ಶುರುವಾಗುವ ಮೊದಲು ಅವಳು ರಾಜಶೇಖರ್ ಸರ್ ಬಳಿ ಹೋದಳು. ನಾವೆಲ್ಲ ಹತ್ತಿರದಲ್ಲೇ ಶೂ ಕಟ್ಟಿಕೊಳ್ಳುತ್ತಿದ್ದೆವು.

"ಸಾರ್, ಸುಷ್ಮಿತಾನ್ನ ಕೊನೇ ಚೌಕಕ್ಕೆ ಕೂರಿಸ್ರಿ."

"ಯಾಕಮ್ಮ? ದಿನಾ ಕೂರೋ ಜಾಗ ಬಿಟ್ಟು?"

"ಸುಮ್ನೆ, ಸಾರ್. ನನಗೆ ಸರಿಯಾಗ್ತೈತೆ."

"ಇವತ್ತು ಯಾವುದೂ ಬದಲಾಯಿಸೋದು ಬೇಡ. ಹೋಗು, ಆಡು."

ಸುಷ್ಮಿತಾ ತಲೆಯೆತ್ತಿ ನೋಡಿ ಮತ್ತೆ ಲೇಸ್ ಕಟ್ಟತೊಡಗಿದಳು.

ಖೋಖೋದಲ್ಲಿ ಬೆನ್ನಟ್ಟುವ ತಂಡದವರು ಸಾಲಾಗಿ ಕೂತಿರುತ್ತಾರೆ, ಒಬ್ಬಳು ಮಾತ್ರ ಓಡುತ್ತಾಳೆ. ಎದುರಾಳಿ ಸಾಲಿನ ಆಚೆ ದಾಟಿದರೆ ಓಡುವವಳಿಗೆ ದಾಟುವ ಹಕ್ಕಿಲ್ಲ. ಕೂತಿರುವ ಒಬ್ಬಳ ಬೆನ್ನನ್ನು ಹಿಂದಿನಿಂದ ಮುಟ್ಟಿ 'ಖೋ' ಎನ್ನಬೇಕು, ಆಗ ಅವಳು ಎದ್ದು ಓಡುತ್ತಾಳೆ. ಮುಟ್ಟದೆ ಬರೀ ಕೂಗಿದರೆ ಅದು ಫೌಲು.

ಅನುಸೂಯ ಆ ದಿನ ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ. ಹೊಟ್ಟೆಯ ನೋವನ್ನು ಕಚ್ಚಿಕೊಂಡೇ ಓಡಿದಳೆಂದು ಈಗ ತಿಳಿದಿದೆ. ಕಂಬದ ಬಳಿ ಹಾರಿ ಇಬ್ಬರನ್ನು ಔಟ್ ಮಾಡಿದಳು. ಆಮೇಲೆ ಹೊಳಲ್ಕೆರೆಯ ನಾಯಕಿ ಸುಷ್ಮಿತಾಳ ಚೌಕದ ಮುಂದೆಯೇ ಆಚೆ ಹಾರಿದಳು. ಒಂದು ಖೋ ಕೊಟ್ಟಿದ್ದರೆ ಅವಳು ಸಿಕ್ಕಿಬೀಳುತ್ತಿದ್ದಳು. ಅನುಸೂಯಳ ಕೈ ಸುಷ್ಮಿತಾಳ ಬೆನ್ನಿನವರೆಗೆ ಬಂತು. ಬಂದು ಅಲ್ಲಿಯೇ ನಿಂತಿತು. "ಖೋ!" ಎಂದು ಧ್ವನಿ ಮಾತ್ರ ಹೊರಟಿತು. ಸುಷ್ಮಿತಾ ಅಭ್ಯಾಸದಿಂದ ಎದ್ದುಬಿಟ್ಟಳು. ಶಿಳ್ಳೆ ಮೊಳಗಿತು. ಫೌಲು.

"ಕೈ ಜಾರ್ತಾ?" ಎಂದಳು ಸುಷ್ಮಿತಾ, ಮತ್ತೆ ಕೂರುತ್ತಾ.

ಇನ್ನೊಮ್ಮೆ ಹಾಗೆಯೇ ಆಯಿತು. ಈ ಸಲ ಸುಷ್ಮಿತಾ ಏನೂ ಕೇಳಲಿಲ್ಲ. ಅದರ ನಂತರ ಅನುಸೂಯ ಅವಳ ಚೌಕವನ್ನು ಬಿಟ್ಟು ನನ್ನವರೆಗೆ ಓಡಿಬಂದು ಖೋ ಕೊಟ್ಟಳು. ನನ್ನ ಬೆನ್ನಿನ ಮೇಲೆ ಅಂಗೈ ಪೂರ್ತಿ ಬಿತ್ತು. ನಾನು ಏಳುವಾಗ ಆಚೆ ಸುಷ್ಮಿತಾಳ ಮುಖ ಕಂಡೆ. ಅವಳು ಎದುರಾಳಿಯನ್ನು ನೋಡುತ್ತಿರಲಿಲ್ಲ, ನನ್ನ ಬೆನ್ನನ್ನು ನೋಡುತ್ತಿದ್ದಳು.

ಒಂದು ಅಂಕದಿಂದ ಸೋತೆವು. ಆದರೂ ಆಯ್ಕೆಗಾರರು ಓದಿದ ಮೊದಲ ಹೆಸರು ಅನುಸೂಯಳದೇ. ಸುಷ್ಮಿತಾ ಕಾಯ್ದಿರಿಸಿದ ಆಟಗಾರ್ತಿ. ಜೋಗಿಮಟ್ಟಿಯ ಕಡೆಯಿಂದ ತಣ್ಣನೆಯ ಗಾಳಿ ಮೈದಾನದ ಸುಣ್ಣವನ್ನು ಎಬ್ಬಿಸುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸುಷ್ಮಿತಾ ಎದ್ದು ಬಂದು ಅನುಸೂಯಳ ಸೀಟಿನ ಬಳಿ ನಿಂತಳು.

"ಎಲ್ರಿಗೂ ಬಿದ್ದ ಕೈ ನನಗ್ಯಾಕೆ ಬೀಳ್ಲಿಲ್ಲ, ಅನು?"

ಅನುಸೂಯ ಅವಳ ಕೈಯ ದಾರವನ್ನು ನೋಡಿದಳು.

"ಆಪರೇಷನ್ ಆಯ್ತಾ?" ಎಂದಳು.

"ಅದನ್ನ ಕೇಳಬ್ಯಾಡ. ನಾನು ಕೇಳಿದ್ದಕ್ಕೆ ಹೇಳು. ಜಾಗ ಬದಲಾಯಿಸ್ರಿ ಅಂತ ಸಾರ್ ಹತ್ರ ಯಾಕೆ ಹೋದೆ? ಮೂರು ವರ್ಷ ನನ್ ಬಾಟ್ಲಿ ನೀರು ಕುಡ್ದೋಳು ನೀನು. ಆಯ್ಕೆಗಾರರ ಮುಂದೆ ನಿನ್ ಜಾತಿ ನೆನಪಾಯ್ತಾ?"

"ಹಂಗಲ್ಲ ಕಣೆ."

"ಮತ್ತೆ ಹೆಂಗೆ?"

ಅನುಸೂಯ ಕಿಟಕಿಯ ಕಡೆ ತಿರುಗಿದಳು. ಸುಷ್ಮಿತಾ ಡ್ರೈವರ್ ಹಿಂದಿನ ಸೀಟಿಗೆ ಹೋಗಿ ಕೂತಳು.

ದೂರು ಕೊಟ್ಟದ್ದು ಸುಷ್ಮಿತಾಳೇ. ಕೊಡಬೇಕಾದದ್ದೇ ಎಂದು ಆಗ ನಮಗೆಲ್ಲ ಅನ್ನಿಸಿತ್ತು. ಸಮಾನತಾ ಸಮಿತಿಗೆ ಬಂದ ಮೊದಲ ದೂರು ಅದು. ಕ್ರೀಡಾ ಕೊಠಡಿಯಲ್ಲಿ ಪ್ರಾಂಶುಪಾಲ ಶಿವಕುಮಾರಪ್ಪ, ರಾಜಶೇಖರ್ ಸರ್, ಕನ್ನಡ ವಿಭಾಗದ ದಾಕ್ಷಾಯಣಮ್ಮ ಮೇಡಂ ಕೂತರು. ಸುಷ್ಮಿತಾ ಬಾಗಿಲ ಬಳಿ ನಿಂತಿದ್ದಳು. ಸಾಕ್ಷಿ ಹೇಳಲು ತಂಡದವರನ್ನೂ ಕರೆದಿದ್ದರು.

"ನೋಡಮ್ಮ, ಕೈ ಮುಟ್ಟಿಲ್ಲ ಅನ್ನೋದನ್ನ ಎಲ್ರೂ ನೋಡಿದಾರೆ. ಯಾಕೆ ಅನ್ನೋದನ್ನ ನೀನು ಹೇಳ್ಬೇಕು" ಎಂದರು ಪ್ರಾಂಶುಪಾಲರು.

ಅನುಸೂಯ ನೆಲ ನೋಡುತ್ತಿದ್ದಳು.

"ಒಂದು ಕಾರಣ ಕೊಡು, ಅನುಸೂಯ" ಎಂದರು ರಾಜಶೇಖರ್ ಸರ್. "ಎಂಥದೇ ಇರ್ಲಿ. ನಾನು ನಿನ್ನ ಪರ ನಿಲ್ತೀನಿ."

ದಾಕ್ಷಾಯಣಮ್ಮ ಮೇಡಂ ಸ್ವಲ್ಪ ಮುಂದಕ್ಕೆ ಬಾಗಿದರು. "ಅವತ್ತು ಮೈ ಸರಿ ಇರ್ಲಿಲ್ವೇನಮ್ಮ?"

ಅನುಸೂಯಳ ತಲೆ ಒಮ್ಮೆ ಮೇಲೆದ್ದಿತು. ಒಂದು 'ಹೂಂ' ಸಾಕಿತ್ತು. ಆದರೆ ಆ ಹೂಂ ಅಲ್ಲಿಗೇ ನಿಲ್ಲುವಂಥದ್ದಲ್ಲ. ಅದರ ಹಿಂದೆ ಗುಡ್ಲಿನ ಮಾತು ಬರುತ್ತಿತ್ತು, ಗುಡ್ಲಿನ ಹಿಂದೆ ಜೀಪು. ಗಂಡಸರು ಕೂತಿದ್ದರು. ಅದಕ್ಕಿಂತ ಹೆಚ್ಚಾಗಿ ಬಾಗಿಲಲ್ಲಿ ಸುಷ್ಮಿತಾ ಇದ್ದಳು. ಅವಳ ತಾಯಿ, ಹೊಲಿಗೆ ಕೀವಾಗಿ ಜ್ವರ ಬಂದು, ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ನಾನು ಹೊರಗಾಗಿದ್ದೆ, ಹಾಗೇ ನಿನ್ನ ಪಕ್ಕ ಬಸ್ಸಿನಲ್ಲಿ ಕೂತೆ, ನಿನ್ನ ಹರಕೆ ದಾರದ ಪಕ್ಕ ಓಡಿದೆ ಎಂದು ಅವಳಿಗೆ ಹೇಗೆ ಹೇಳುವುದು? ಆ ಜ್ವರ ತನ್ನಿಂದಲೇ ಬಂತೋ ಏನೋ ಎಂಬ ಭಯ ಅನುಸೂಯಳನ್ನು ಆಗಲೇ ತಿನ್ನತೊಡಗಿತ್ತು.

"ತಪ್ಪಾಯ್ತು, ಸಾರ್" ಎಂದಳು.

ಅದನ್ನೇ ಒಪ್ಪಿಗೆ ಎಂದು ಬರೆದುಕೊಂಡರು. ಜಾತಿ ತಾರತಮ್ಯ ಮಾಡಿದ ಕಾರಣಕ್ಕೆ ಅವಳನ್ನು ವಿಶ್ವವಿದ್ಯಾಲಯದ ತಂಡದಿಂದ ಕೈಬಿಡಲಾಯಿತು. ಕಾಲೇಜು ತಂಡದಿಂದಲೂ. ಮಾರನೆಯ ದಿನ ಮೈದಾನದಲ್ಲಿ ನಾವು ಕೈ ಹಿಡಿದು ಪ್ರತಿಜ್ಞೆ ಹೇಳಿದ ಮೇಲೆ ರಾಜಶೇಖರ್ ಸರ್ ಅದನ್ನು ಓದಿದರು. ಓದಿ ಮುಗಿಸಿದವರು ಶಿಳ್ಳೆ ಊದಲಿಲ್ಲ, ಆಟ ಆಡಿಸಲಿಲ್ಲ. ಕೊಠಡಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.

ಅವಳ ಜಾಗಕ್ಕೆ ಸುಷ್ಮಿತಾ ಹೋದಳು. ಚೆನ್ನಾಗಿ ಆಡಿದಳು. ಅವಳ ತಾಯಿ ಜ್ವರ ಬಿಟ್ಟು, ನಿಧಾನವಾಗಿ ಚೇತರಿಸಿಕೊಂಡು ಮನೆಗೆ ಬಂದಳು. ಸುಷ್ಮಿತಾ ಬಿ.ಪಿ.ಇಡಿ. ಮುಗಿಸಿ ಹೊಳಲ್ಕೆರೆಯ ಕಡೆ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿಯಾದಳು.

ಹಟ್ಟಿಯಲ್ಲಿ ಚಿಕ್ಕತಿಮ್ಮಪ್ಪ ಹೆಚ್ಚು ಕೇಳಲಿಲ್ಲ. "ಆಟ ಮುಗೀತಾ?" ಎಂದ. "ಮುಗೀತಪ್ಪ" ಎಂದಳು. ಬೇಸಿಗೆಯಲ್ಲಿ ಗೊಲ್ಲಪ್ಪನೊಂದಿಗೆ ಮದುವೆಯಾಯಿತು. ಗೊಲ್ಲಪ್ಪ ಕೆಟ್ಟವನಲ್ಲ. ಟಿವಿಯಲ್ಲಿ ಖೋಖೋ ಬಂದಾಗ ಒಮ್ಮೆ ಹೆಂಡತಿಯನ್ನು ಕರೆದು, "ಬಾರೇ ಇಲ್ಲಿ, ನೀನು ಆಡ್ತಿದ್ದುದು ಇದೇ ಏನೇ?" ಎಂದನಂತೆ. ಒಲೆ ಮೇಲೆ ಎಸರಿದೆ ಎಂದು ಅವಳು ಬರಲಿಲ್ಲ.

ಹೋದ ವರ್ಷ ಬಿತ್ತನೆ ಶೇಂಗಾ ಕೊಳ್ಳಲು ಅಪ್ಪನ ಜೊತೆ ನಾನು ಬಬ್ಬೂರು ಫಾರಂಗೆ ಹೋಗಿದ್ದೆ. ಅಲ್ಲಿ ಅನುಸೂಯ ಸಿಕ್ಕಳು. ಬೇವಿನ ಮರದ ಕೆಳಗೆ ಕೂತು, ಬೇರೆ ಯಾರದೋ ಕಥೆ ಎಂಬಂತೆ ಎಲ್ಲವನ್ನೂ ಹೇಳಿದಳು. "ಸುಷ್ಮಿತಾಗೆ ಹೇಳ್ಲಾ?" ಎಂದು ಕೇಳಿದೆ. "ಅವರವ್ವ ಹುಷಾರಾದ್ಲಲ್ಲ. ಈಗ ಹೇಳಬೋದು" ಎಂದಳು.

ಸುಷ್ಮಿತಾ ಮರುವಾರವೇ ನನ್ನ ಜೊತೆ ಬಂದಳು. ಊಟದ ಹೊತ್ತು. ಕೆಲಸದ ಹೆಂಗಸರು ದೂರದಲ್ಲಿ ಬುತ್ತಿ ಬಿಚ್ಚಿದ್ದರು. ಅವಳು ಕೂರಲಿಲ್ಲ.

"ದಾರಕ್ಕೋಸ್ಕರನಾ?"

"ಹೂಂ."

"ಆ ದಾರ ಕಟ್ಕಂಡು ನಾನೇ ಅದೇ ವಾರ ಹೊರಗಾಗಿದ್ದೆ ಕಣೆ! ನಮ್ ಮನೇಲಿ ಅದನ್ನೆಲ್ಲ ಯಾರು ಕೇಳ್ತಾರೆ? ನಮ್ ಮಾರಮ್ಮ ಕೇಳ್ತಾಳಾ?" ಅವಳ ದನಿ ಏರಿತು. "ನಮ್ ದೇವರಿಗೆ ಯಾವುದು ಆಗಿಬರಲ್ಲ ಅಂತ ನೀನೇ ತೀರ್ಮಾನ ಮಾಡ್ಕಂಡೆ. ನನ್ನ ಒಂದು ಮಾತು ಕೇಳ್ಲಿಲ್ಲ."

"ನನಗೆ ಗೊತ್ತಿರ್ಲಿಲ್ಲ."

"ನಂಗೂ ಗೊತ್ತಿರ್ಲಿಲ್ಲ. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ನಿನ್ ಕಥೆ ಹೇಳ್ತೀನಿ. ಹೆಸರು ಹೇಳಲ್ಲ. ಗೆಳತಿ ಅನ್ಕಂಡೋಳೇ ಬೆನ್ನು ಮುಟ್ಟಲಿಲ್ಲ, ನೀವು ಹಂಗಾಗಬ್ಯಾಡ್ರಿ ಅಂತೀನಿ. ಆ ಮಕ್ಕಳು ಕಣ್ಣಾಗೆ ನೀರು ಹಾಕ್ಕಂತವೆ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಕಾಲೇಜಿಗೆ ಹೋಗಾಣ ನಡಿ. ರಾಜಶೇಖರ್ ಸರ್ ಇನ್ನೂ ಅಲ್ಲೇ ಅದಾರೆ. ದೂರು ಕೊಟ್ಟೋಳು ನಾನು, ತಪ್ಪಾಗೈತೆ ಅಂತ ನಾನೇ ಹೇಳ್ತೀನಿ. ಬರೆದಿಟ್ಟಿರೋ ಆ ಮಾತು ತೆಗೆಸಾಣ."

ಅನುಸೂಯ ತಲೆಯಾಡಿಸಿದಳು.

"ಬ್ಯಾಡ."

"ಯಾಕೆ?"

"ತೆಗಿಬೇಕು ಅಂದ್ರೆ ಕಾರಣ ಬರೀಬೇಕು. ಕಾರಣ ಬರೆದ್ರೆ ಹಟ್ಟಿ ಹೆಸರು ಬರ್ತೈತೆ. ನನ್ ತಂಗಿ ಚೈತ್ರಾ ಈಗ ಪಿಯುಸಿ. ನನಗಿಂತ ಜೋರಾಗಿ ಓಡ್ತಾಳೆ. ಒಂದು ಜೀಪು ಬಂತು ಅಂದ್ರೆ ಅವಳ ಓದು ಅಲ್ಲಿಗೇ ಆಯ್ತು."

"ಹಂಗಾದ್ರೆ ಜಾತಿ ಮಾಡ್ದೋಳು ಅಂತ್ಲೇ ಇರ್ತೀಯಾ?"

"ಇರ್ತೀನಿ. ನನ್ನನ್ನ ಈಗ ಯಾರು ಕೇಳ್ತಾರೆ?"

ಸುಷ್ಮಿತಾ ಬೇವಿನ ಬೊಡ್ಡೆಗೆ ಒರಗಿ ನಿಂತಳು. ಅವಳಿಗೆ ಸಿಟ್ಟು ಬಂದಿತ್ತೋ ಅಳು ಬಂದಿತ್ತೋ ಹೇಳುವುದು ಕಷ್ಟ. "ನನ್ನ ಬೆನ್ನು ಸುಳ್ಳು ಹೇಳ್ಲಿಲ್ಲ, ಅನು. ಕೈ ಬೀಳ್ಲಿಲ್ಲ. ಅದು ನಿಜ" ಎಂದಳು.

"ನಿಜ" ಎಂದಳು ಅನುಸೂಯ.

ಮೇಸ್ತ್ರಿ ಕೆಲಸಕ್ಕೆ ಕೂಗಿದ. ಹೆಂಗಸರು ಬುತ್ತಿ ಕಟ್ಟಿ ಏಳತೊಡಗಿದರು. ಅನುಸೂಯ ಎದ್ದು ಸೆರಗು ಬಿಗಿದುಕೊಂಡಳು.

"ನಿಮ್ ಕಡೆ ಆಟದ ಹುಡುಗೇರಿಗೆ ಹಾಸ್ಟೆಲ್ ಐತಂತಲ್ಲ" ಎಂದಳು. "ತಿಂಗಳು ಪೂರ್ತಿ ಅಲ್ಲೇ ಇರಂಗಿದ್ರೆ ಚೈತ್ರಾಗೆ ಒಂದು ಜಾಗ ನೋಡ್ತೀಯಾ? ನಾನು ಕೇಳ್ದೆ ಅಂತ ಹೇಳಬ್ಯಾಡ. ನನ್ನ ತಂಗಿ ಅಂತ ಗೊತ್ತಾದ್ರೆ ಅಲ್ಲೂ ಕೇಳ್ತಾರೆ."

ಸುಷ್ಮಿತಾ ರಸ್ತೆಯ ಕಡೆ ನೋಡುತ್ತಿದ್ದಳು. "ನೋಡ್ತೀನಿ" ಎಂದಳು. ನೋಡುತ್ತಾಳೋ ಇಲ್ಲವೋ ಆ ದನಿಯಲ್ಲಿ ತಿಳಿಯಲಿಲ್ಲ. ಅನುಸೂಯ ಇನ್ನೊಮ್ಮೆ ಕೇಳಲಿಲ್ಲ. ಮೇಸ್ತ್ರಿ ಮತ್ತೆ ಕೂಗಿದ ಮೇಲೆ ಹೊಲಕ್ಕೆ ಇಳಿದಳು.